ನಂಗಲಿಯ ದಾರಿಯೂ ಎರಡು ಪದರದ ಜಾಕೆಟ್ಟೂ

ಬೆಂಗಳೂರಿನಿಂದ ಮೂಡಲ ದಿಕ್ಕಿಗೆ ಹೊರಟು ಹೊಸಕೋಟೆ, ಕೋಲಾರ, ಮುಳುಬಾಗಿಲುಗಳನ್ನು ದಾಟಿ ಚಿತ್ತೂರಿನ ಕಡೆಗೆ ಸಾಗುವ ಹೆದ್ದಾರಿಯು ಕನ್ನಡನಾಡನ್ನು ಬಿಡುವುದಕ್ಕೆ ಮುಂಚೆ ಹಾದುಹೋಗುವ ಊರು ನಂಗಲಿ. ಹಿಂದೆ 4ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯುತ್ತಿದ್ದ ಈ ದಾರಿಗೆ ಈಗ ಬೇರೆ ಸಂಖ್ಯೆ ಬಂದಿದೆ. ಸಂಖ್ಯೆ ಬದಲಾದರೂ ದಾರಿ ಬದಲಾಗಿಲ್ಲ. ತಿರುಪತಿಗೆ ಹೋಗುವ ಯಾತ್ರಿಕರೂ ಮದರಾಸಿಗೆ ಸರಕು ಸಾಗಿಸುವ ಲಾರಿಯವರೂ ಹಗಲಿರುಳು ಇದರ ಮೇಲೆ ಓಡಾಡುತ್ತಲೇ ಇರುತ್ತಾರೆ. ಇವರಲ್ಲಿ ನಂಗಲಿಯಲ್ಲಿ ಇಳಿದು ಒಂದು ದಿವಸ ನಿಲ್ಲುವವರು ಬಹಳ ಕಡಿಮೆ. ನಮ್ಮ ವಾಚಕರಲ್ಲಿಯೂ ಅನೇಕರು ಈ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿರಬಹುದೇ ಹೊರತು ಅದರ ಬೀದಿಯಲ್ಲಿ ನಡೆದಿರಲಾರರು. ಅಂಥವರಿಗಾಗಿ ಈ ಕೆಲವು ಮಾತುಗಳು.

ನಂಗಲಿಯ ಹೆಸರು ಇಂದು ನೆನ್ನೆಯದಲ್ಲ. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳನ್ನು ಹೆಸರಿಸುವ ಶಾಸನಗಳಲ್ಲಿ ತಲಕಾಡು, ಕೊಂಗು, ನೊಳಂಬವಾಡಿ ಮೊದಲಾದ ದೊಡ್ಡ ಹೆಸರುಗಳ ನಡುವೆ ನಂಗಲಿಯೂ ಕಾಣಬರುತ್ತದೆ. ಅವನ ರಾಜ್ಯದ ನಾಲ್ಕು ಎಲ್ಲೆಗಳನ್ನು ಹೇಳುವಾಗ ಮೂಡಲ ಎಲ್ಲೆಯೆಂದು ನಂಗಲಿಯ ಘಟ್ಟವನ್ನು ಹೇಳಿದ್ದಾರೆ. 12ನೆಯ ಶತಮಾನದಲ್ಲಿ ಎಲ್ಲೆಯಾಗಿದ್ದ ಊರು ಇಂದಿಗೂ ಎಲ್ಲೆಯಾಗಿಯೇ ಉಳಿದಿರುವುದು ಸಾಮಾನ್ಯವಾದ ಸಂಗತಿಯಲ್ಲ. ಅರಸರು ಬದಲಾದರು, ರಾಜಧಾನಿಗಳು ಬದಲಾದುವು, ರಾಜ್ಯಗಳ ಹೆಸರುಗಳೂ ಬದಲಾದುವು. ಆದರೆ ಎತ್ತರದ ನೆಲ ಮುಗಿದು ಇಳಿಜಾರು ಮೊದಲಾಗುವ ಕಡೆಯಲ್ಲಿ ಮನುಷ್ಯರು ಗಡಿಯನ್ನು ಎಳೆಯುವ ಅಭ್ಯಾಸ ಮಾತ್ರ ಬದಲಾಗಲಿಲ್ಲ. ನಂಗಲಿಯನ್ನು ಬಿಟ್ಟು ಮುಂದೆ ಹೋದರೆ ಪಲಮನೇರು. ಅದನ್ನು ದಾಟಿದ ಮೇಲೆ ಮೊಗಿಲಿಯ ಘಾಟಿಯಲ್ಲಿ ರಸ್ತೆಯು ಚಿತ್ತೂರಿನ ಬಯಲಿಗೆ ಇಳಿಯುತ್ತದೆ.

ನಂಗಲಿಯು ಸೇರಿರುವ ತಾಲ್ಲೂಕಿನ ಕೇಂದ್ರವಾದ ಮುಳುಬಾಗಿಲನ್ನು 'ಮೂಡಲ ಬಾಗಿಲು' ಎಂದು ಅರ್ಥಮಾಡುವುದು ವಾಡಿಕೆ. ವಿಜಯನಗರದ ಕಾಲದ ಶಾಸನಗಳಲ್ಲಿ ಇದು ಮುಳುವಾಯಿ ರಾಜ್ಯ. ಬುಕ್ಕರಾಯನ ಮಗನಾದ ಕಂಪಣನು 14ನೆಯ ಶತಮಾನದಲ್ಲಿ ಇಲ್ಲಿಂದ ಆಳಿ, ದಕ್ಷಿಣಕ್ಕೆ ದಂಡೆತ್ತಿ ಹೋಗಿ ಮಧುರೆಯನ್ನು ಗೆದ್ದನು. ಆ ವಿಜಯವನ್ನು ಅವನ ರಾಣಿ ಗಂಗಾದೇವಿಯು 'ಮಧುರಾವಿಜಯ'ವೆಂಬ ಸಂಸ್ಕೃತ ಕಾವ್ಯದಲ್ಲಿ ವರ್ಣಿಸಿದ್ದಾಳೆ. ಆ ಕಾವ್ಯದಲ್ಲಿ 'ಕಂಟಕಾನನ'ವೆಂಬ ಊರಿನ ಹೆಸರು ಬರುತ್ತದೆ. ಕಂಟಕವೆಂದರೆ ಮುಳ್ಳು, ಆನನವೆಂದರೆ ಬಾಯಿ. ಇದು ಮುಳುವಾಯಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊರಗೆ ಸಂಸ್ಕೃತದ ಬಟ್ಟೆ, ಒಳಗೆ ದೇಶಭಾಷೆಯ ಬಟ್ಟೆ. ಈ ಸೀಮೆಯಲ್ಲಿ ಊರಿನ ಹೆಸರಿಗೂ ಎರಡು ಪದರ ಉಂಟು.

ಇತ್ತೀಚಿನ ಚರಿತ್ರೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. 1768ರ ಅಕ್ಟೋಬರಿನಲ್ಲಿ ಹೈದರಾಲಿಗೂ ಇಂಗ್ಲಿಷ್ ಕುಂಪಣಿಯ ಸೈನ್ಯಕ್ಕೂ ಮುಳುಬಾಗಿಲಿನ ಬಳಿ ಯುದ್ಧವಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ನಂಗಲಿಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಮದರಾಸು ಆಧಿಪತ್ಯ. 1911ರಲ್ಲಿ ಆಚೆಯ ಭಾಗಕ್ಕೆ ಚಿತ್ತೂರು ಜಿಲ್ಲೆಯೆಂದು ಹೆಸರಾಯಿತು. 1953ರ ಅಕ್ಟೋಬರ್ 1ರಂದು ಅದು ಆಂಧ್ರ ರಾಜ್ಯಕ್ಕೆ ಸೇರಿತು. ಈಚೆಯ ಭಾಗವು 1956ರ ನವೆಂಬರ್ 1ರಂದು ವಿಶಾಲ ಮೈಸೂರಿಗೆ ಸೇರಿ, 1973ರಲ್ಲಿ ಕರ್ನಾಟಕವೆನಿಸಿತು. ಗಡಿಯ ಎರಡು ಬದಿಗೂ ಹೀಗೆ ಹೆಸರುಗಳು ಬಂದು ಹೋದುವು. ಬೀಗರು ನೆಂಟರು ಮಾತ್ರ ಗಡಿಯ ಎರಡೂ ಕಡೆ ಇದ್ದಂತೆಯೇ ಇದ್ದಾರೆ.

ಕೋಲಾರದ ಸೀಮೆಯಲ್ಲಿ ಒಂದೇ ಭಾಷೆಯ ಮನೆ ಅಪರೂಪವೆಂದೇ ಹೇಳಬೇಕು. ಅಂಗಡಿಯಲ್ಲಿ ಕನ್ನಡ, ಅಡಿಗೆಯ ಮನೆಯಲ್ಲಿ ತೆಲುಗು; ಕೆಲವರಿಗೆ ಮನೆಯಲ್ಲಿ ತಮಿಳು, ಕೆಲವರಿಗೆ ಉರ್ದು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡದ ಸಣ್ಣಕಥೆಗೆ ಹಿರಿಯರೆನಿಸಿ, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದುಕೊಟ್ಟರು. ಅವರ ಕನ್ನಡದ ಮೃದುತ್ವಕ್ಕೆ ಒಳಗಿನ ತಮಿಳೇ ಕಾರಣವೆಂದು ನಾನು ಹೇಳಲಾರೆ. ಒಳಗೆ ಇನ್ನೊಂದು ಭಾಷೆ ಇದ್ದುದರಿಂದ ಹೊರಗಿನ ಕನ್ನಡಕ್ಕೆ ಯಾವ ಕುಂದೂ ಬರಲಿಲ್ಲವೆಂಬುದನ್ನಷ್ಟೇ ಹೇಳಬಲ್ಲೆ. ನನ್ನ ತಾಯಿಯೂ ಪಲಮನೇರಿನ ಕಡೆಯವಳು. ನಮಗೆ ಲಾಲಿ ಹಾಡಿದುದು ತೆಲುಗಿನಲ್ಲಿ. ಅಕ್ಷರ ತಿದ್ದಿಸಿದುದು ಕನ್ನಡದಲ್ಲಿ.

ನನ್ನ ಅಕ್ಕಯ್ಯನನ್ನು ಕೊಟ್ಟಿರುವುದು ನಂಗಲಿಗೆ. ಕಳೆದ ಧನುರ್ಮಾಸದಲ್ಲಿ ನಾನು ಅಲ್ಲಿಗೆ ಹೋಗಿ ನಾಲ್ಕು ದಿವಸ ನಿಂತುದಕ್ಕೆ ಒಂದು ಸಣ್ಣ ಕಾರಣವಿತ್ತು. ಕೋಲಾರದಲ್ಲಿ ನಮ್ಮೊಡನಿರುವ ಮೊಮ್ಮಗಳಿಗೆ ಒಂಬತ್ತು ವರುಷ. ಅವಳು ಬೆಳಗಿನ ಬಸ್ಸಿಗೆ ಶಾಲೆಗೆ ಹೋಗಬೇಕು. ನಮ್ಮ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರದಲ್ಲಿದೆ. ಡಿಸೆಂಬರ್ ಜನವರಿಗಳ ಬೆಳಗಿನಲ್ಲಿ ಶಾಖವು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮಂಜೂ ಸುರಿಯುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಜಾಕೆಟ್ಟುಗಳು ನೋಡುವುದಕ್ಕೆ ಚೆನ್ನಾಗಿಯೇ ಇವೆ, ಹಗುರವಾಗಿಯೂ ಇವೆ. ಆದರೆ ಅವುಗಳ ಒಳಮೈ ಹೆಚ್ಚಾಗಿ ಪಾಲಿಯೆಸ್ಟರಿನದು. ಅದು ತಾಕಿದ ಕಡೆಯಲ್ಲೆಲ್ಲ ಹುಡುಗಿಯ ಕತ್ತೂ ಮುಂಗೈಯೂ ಕೆಂಪಾಗಿ ತುರಿಕೆ ಏಳುತ್ತಿತ್ತು. ಮೈಗೆ ತಾಕುವ ಬಟ್ಟೆಯು ಹತ್ತಿಯದಾಗಿರಬೇಕು, ಅದರಲ್ಲಿಯೂ ಹಳೆಯದಾಗಿ ಮೆತುವಾದುದು ಒಳ್ಳೆಯದು ಎಂದು ವೈದ್ಯರು ಹೇಳಿದರು. ಆಗ ನನಗೆ ಅಕ್ಕಯ್ಯನ ಟ್ರಂಕಿನಲ್ಲಿದ್ದ ನಮ್ಮ ತಾಯಿಯ ಹದಿನೆಂಟು ಮೊಳದ ಹತ್ತಿ ಸೀರೆಯ ನೆನಪಾಯಿತು. ಹೊರಗೆ ಖಾದಿ, ಒಳಗೆ ಆ ಸೀರೆ. ಹೀಗೆ ಎರಡು ಪದರದ ಜಾಕೆಟ್ಟೊಂದನ್ನು ಹೊಲಿಸಬೇಕೆಂದು ಒಂದೂವರೆ ಮೀಟರು ನೀಲಿ ಖಾದಿಯನ್ನು ಕೊಂಡು, ಮೊಮ್ಮಗಳ ರಜೆಯ ದಿನಗಳನ್ನು ನೋಡಿಕೊಂಡು, ಅವಳನ್ನೂ ಕರೆದುಕೊಂಡು ಹೊರಟೆನು.

ನಂಗಲಿಯ ದರ್ಜಿಯ ಅಂಗಡಿಯು ಹೆದ್ದಾರಿಯಿಂದ ಒಳಕ್ಕೆ ತಿರುಗುವ ಬೀದಿಯಲ್ಲಿದೆ. ಹನ್ನೆರಡು ಅಡಿಯ ಕೋಣೆ, ಕಾಲಿನಿಂದ ತುಳಿಯುವ ಎರಡು ಯಂತ್ರ, ಕತ್ತರಿಸುವ ಒಂದು ಮೇಜು, ಗೋಡೆಯ ತುಂಬ ತೂಗುಬಿಟ್ಟ ಬಟ್ಟೆಗಳು. ದರ್ಜಿಯು ಐವತ್ತು ಐವತ್ತೈದರ ಪ್ರಾಯದವನು. ಅವನ ಮನೆಮಾತು ಉರ್ದು. ಗಿರಾಕಿಗಳೊಡನೆ ತೆಲುಗು ಕನ್ನಡಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಒಳಕ್ಕೆ ಹೋದೊಡನೆ, "ಕೂರ್ಚೋಂಡಿ ಮೇಷ್ಟ್ರೇ, ಏನು ಹೊಲೀಬೇಕು?" ಎಂದನು. ಜಾಕೆಟ್ಟು ಎಂದೆನು. ಅವನು ಪುಸ್ತಕವನ್ನು ತೆಗೆದು, "ಅಳತೆ ಜಾಕೆಟ್ಟು ತಂದಿದ್ದೀರಾ? ಅಮ್ಮಾವರು ಬಂದಿಲ್ಲವಲ್ಲ" ಎಂದು ಕೇಳಿದನು. ಈ ಸೀಮೆಯಲ್ಲಿ ಜಾಕೆಟ್ಟೆಂದರೆ ಹೆಂಗಸರ ರವಿಕೆಯೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ತೆಲುಗಿನವರೂ ತಮಿಳಿನವರೂ ಹಾಗೆಯೇ ಅನ್ನುತ್ತಾರೆ. ಚಳಿಗೆ ಹಾಕಿಕೊಳ್ಳುವುದು ಎಂದು ವಿವರಿಸಿದ ಮೇಲೆ, "ಹಂಗಾದರೆ ಕೋಟು ಅನ್ನಿ" ಎಂದು ನಕ್ಕು ಬರೆದುಕೊಂಡನು.

ಮಾತು ಹೀಗೆ ತಿರುಗಿದುದರಿಂದ ಒಂದು ಲಾಭವಾಯಿತು. ಎರಡು ಪದರದ ಹೊಲಿಗೆಯು ಅವನಿಗೆ ಹೊಸದಲ್ಲವೆಂಬುದು ತಿಳಿಯಿತು. ಮದುವೆಯ ಕಾಲದಲ್ಲಿ ಅವನು ಹೊಲಿಯುವ ರವಿಕೆಗಳಲ್ಲಿ ಬಹುಪಾಲು ಎರಡು ಪದರದವೇ: ಮೇಲೆ ರೇಷ್ಮೆ, ಒಳಗೆ ತೆಳುವಾದ ಹತ್ತಿ. ಕೋಲಾರ ಜಿಲ್ಲೆಯು ಹಿಪ್ಪುನೇರಳೆಯ ನಾಡು, ರೇಷ್ಮೆಗೂಡಿನ ನಾಡು; ಆದುದರಿಂದ ರೇಷ್ಮೆಯ ಗುಣವನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬೆವರು ತಾಕಿದರೆ ರೇಷ್ಮೆ ಕಲೆಯಾಗುತ್ತದೆ. ಬಿಗಿಯಾದ ಕಡೆ ಹೊಲಿಗೆಯ ಬಳಿಯಲ್ಲಿ ಎಳೆಗಳು ಸರಿದು ಬಟ್ಟೆ ಬಿಡುತ್ತದೆ. ಒಳಗಿನ ಹತ್ತಿಯು ಬೆವರನ್ನು ತಾನು ಹೀರಿಕೊಂಡು, ಎಳೆತವನ್ನು ತಾನು ತಡೆದುಕೊಂಡು, ಮೇಲಿನ ರೇಷ್ಮೆಯನ್ನು ಕಾಪಾಡುತ್ತದೆ. ಇದಕ್ಕೆ ಈಗಿನವರು 'ಲೈನಿಂಗ್' ಎನ್ನುತ್ತಾರೆ. ನಮ್ಮ ದರ್ಜಿಯು ಹಳೆಯ ಮಾತಿನಲ್ಲಿ 'ಅಸ್ತರು' ಎಂದನು. ಪಾರಸಿಯಿಂದ ಬಂದ ಈ ಶಬ್ದವನ್ನು ಕೇಳಿದಾಗ ಸಂಸ್ಕೃತ ಓದಿದವರಿಗೆ ಹಾಸು ಎಂಬ ಅರ್ಥದ 'ಆಸ್ತರ' ನೆನಪಾಗದೆ ಇರದು.

ಹೊಲಿದ ಉಡುಪು ನಮ್ಮ ದೇಶಕ್ಕೆ ಹೊರಗಿನಿಂದ ಈಚೆಗೆ ಬಂದಿತೆಂದು ಹೇಳುವವರುಂಟು. ಅಮರಕೋಶದಲ್ಲಿ ದರ್ಜಿಗೆ ತುನ್ನವಾಯ, ಸೌಚಿಕ ಎಂಬ ಎರಡು ಹೆಸರುಗಳಿವೆ. ಚೋಲ, ಕೂರ್ಪಾಸಕವೆಂಬ ಉಡುಪುಗಳೂ ಅಲ್ಲಿಯೇ ಇವೆ. ನಮ್ಮ 'ಕುಪ್ಪಸ'ವು ಆ ಕೂರ್ಪಾಸದ ತದ್ಭವ. 7ನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಏಳನೆಯ ಉಚ್ಛ್ವಾಸದಲ್ಲಿ ದಂಡು ಹೊರಡುವ ಬೆಳಗನ್ನು ವರ್ಣಿಸುತ್ತ, ರಾಜರು ತೊಟ್ಟಿದ್ದ ಕಂಚುಕ, ವಾರಬಾಣ, ಚೀನಚೋಲಕ, ಕೂರ್ಪಾಸಕಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನ ಹೆಸರೇ ಅವನ ಕಸಬನ್ನು ಹೇಳುತ್ತದೆ. ಇಷ್ಟಿದ್ದರೂ ಬಡವರ ಚಳಿಯನ್ನು ಕಾಯ್ದುದು ಹೊಲಿದ ಉಡುಪಲ್ಲ. ಕುರುಬರ ಕಂಬಳಿಯ ಕೊಪ್ಪೆ, ಮತ್ತು ಹಳೆಯ ಸೀರೆ ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಬೊಂತೆ. ಸಂಸ್ಕೃತದ ಕಂಥೆ, ಉತ್ತರ ಕರ್ನಾಟಕದ ಕೌದಿ, ನಮ್ಮ ಬೊಂತೆ, ಎಲ್ಲವೂ ಒಂದೇ ಜಾತಿ. ಹಳೆಯದನ್ನು ಎಸೆಯದೆ ಪದರ ಪದರವಾಗಿ ಸೇರಿಸಿದರೆ ಬೆಚ್ಚಗಾಗುತ್ತದೆಂಬುದನ್ನು ನಮ್ಮ ಅಜ್ಜಿಯರು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ಎರಡು ಪದರಗಳ ನಡುವೆ ನಿಂತ ಗಾಳಿಯು ಶಾಖವನ್ನು ಬೇಗ ಹೊರಕ್ಕೆ ಸಾಗಗೊಡುವುದಿಲ್ಲ. ಆದಕಾರಣ ದಪ್ಪವಾದ ಒಂದು ಬಟ್ಟೆಗಿಂತ ತೆಳುವಾದ ಎರಡು ಬಟ್ಟೆಗಳು ಎಷ್ಟೋ ವೇಳೆ ಮೇಲು.

ದರ್ಜಿ ಒಪ್ಪಿದನು, ಖಾದಿ ಸಿದ್ಧವಾಗಿತ್ತು. ಒಪ್ಪದೆ ಇದ್ದವಳು ಅಕ್ಕಯ್ಯ.

ಅವಳು ಟ್ರಂಕನ್ನು ತೆರೆದು ಸೀರೆಯನ್ನು ಈಚೆಗೆ ತೆಗೆದಳು. ಕಂದುಗೆಂಪು ಒಡಲು, ಹಳದಿಯ ಅಂಚು. ಬೇವಿನೆಲೆಯ ವಾಸನೆ. ಮೊಮ್ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಅಕ್ಕಯ್ಯ ಮೆಲ್ಲನೆ ಅವಳ ಕೈಯಿಂದ ಬಿಡಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು.

"ಕತ್ತರಿ ಹಾಕಿದ ಮೇಲೆ ಇದು ಅಮ್ಮನ ಸೀರೆಯಾಗಿ ಉಳಿಯುತ್ತೇನಪ್ಪ? ಚೂರಾಗುತ್ತೆ. ಅಮ್ಮನದು ಅಂತ ನನ್ನ ಹತ್ತಿರ ಇರೋದು ಇದೊಂದೇ" ಎಂದಳು.

ಅದಕ್ಕೆ ನಾನು ಕೂಡಲೆ ಉತ್ತರ ಕೊಡಲಿಲ್ಲ. ಅವಳ ಮಾತಿನಲ್ಲಿ ಸತ್ಯವಿತ್ತು. ಕತ್ತರಿಸಿದ ಬಟ್ಟೆಯನ್ನು ಯಾವ ದರ್ಜಿಯೂ ಮತ್ತೆ ಕತ್ತರಿಸದ ಬಟ್ಟೆಯನ್ನಾಗಿ ಮಾಡಲಾರನು. ತಾಯಿ ತೀರಿಕೊಂಡ ಮೇಲೆ ಪಾತ್ರೆಗಳೂ ಒಡವೆಗಳೂ ಹಂಚಿಹೋದುವು. ಅವಳ ಮೈ ತಾಕಿದ ವಸ್ತುವೆಂದರೆ ಈ ಸೀರೆಯೊಂದೇ. ಮಗಳಿಗೆ ಅದು ಎಷ್ಟು ದೊಡ್ಡದೋ ಮರಿಮೊಮ್ಮಗಳ ತುರಿಯುವ ಕತ್ತೂ ಅಷ್ಟೇ ದೊಡ್ಡದು. ಇವೆರಡರಲ್ಲಿ ಯಾವುದನ್ನೂ ಚಿಕ್ಕದೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಮಾರನೆಯ ದಿನ ಸೀರೆಯನ್ನು ಕತ್ತರಿಸುವುದಕ್ಕಲ್ಲ, ತೋರಿಸುವುದಕ್ಕೆ ಮಾತ್ರ ದರ್ಜಿಯ ಬಳಿಗೆ ತೆಗೆದುಕೊಂಡು ಹೋಗೋಣವೆಂದು ಹೇಳಿದೆನು. ಅವಳೂ ನಮ್ಮೊಡನೆ ಬಂದಳು; ಸೀರೆಯ ಗಂಟು ಅವಳ ಕಂಕುಳಲ್ಲಿಯೇ ಇತ್ತು.

ದರ್ಜಿಯು ಸೀರೆಯನ್ನು ಮೇಜಿನ ಮೇಲೆ ಬಿಚ್ಚಿ ಹರಡಿದನು. ಕತ್ತರಿಯನ್ನು ಮೊದಲೇ ದೂರ ಸರಿಸಿಟ್ಟಿದ್ದನು. ಗಿರಾಕಿಯ ಮುಖ ನೋಡಿ ಹಾಗೆ ಮಾಡಿದನೆಂದು ಊಹಿಸುತ್ತೇನೆ. ಬಟ್ಟೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಸರಿಸುತ್ತ ನೋಡಿದನು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಹಾಸಿನ ಕಡೆಗೊಮ್ಮೆ ಹೊಕ್ಕಿನ ಕಡೆಗೊಮ್ಮೆ ಮೆಲ್ಲನೆ ಎಳೆದನು. ಮಂಡಿಯ ಬಳಿಗೆ ಬರುವ ಭಾಗವೂ ಕುಳಿತು ಸವೆದ ಭಾಗವೂ ಬಲೆಯಂತೆ ತೆಳುವಾಗಿದ್ದುವು. ಮಡಿಕೆಯ ಗೆರೆಗಳಲ್ಲಿ, ವರುಷಗಟ್ಟಲೆ ಒಂದೇ ರೀತಿಯಲ್ಲಿ ಮಡಿಸಿಟ್ಟುದರಿಂದ, ಎರಡು ಕಡೆ ಎಳೆ ಕಡಿದಿತ್ತು. ಸೊಂಟದ ಒಳಸುತ್ತಿನಲ್ಲಿ ಅಡಗಿದ್ದ ಭಾಗ ಮಾತ್ರ ಗಟ್ಟಿಯಾಗಿತ್ತು. ಸೆರಗೂ ಚೆನ್ನಾಗಿತ್ತು.

ಆಮೇಲೆ ಅವನು ಅಕ್ಕಯ್ಯನ ಕಡೆಗೆ ತಿರುಗಿ ಹೇಳಿದನು: "ಅಮ್ಮಾವರೇ, ಸೆರಗು ಮುಟ್ಟೋದಿಲ್ಲ. ಹಂಗೇ ಇಟ್ಟುಕೊಳ್ಳಿ. ಈ ಒಳಸುತ್ತು ಎರಡು ಮೀಟರು ಕೊಡಿ, ಸಾಕು. ಇದು ಟ್ರಂಕಿನಲ್ಲೇ ಇದ್ದರೆ ಇನ್ನೊಂದೈದು ವರುಷಕ್ಕೆ ಮಡಿಕೆಯಲ್ಲೇ ಬಿಟ್ಟುಹೋಗುತ್ತೆ. ಖಾದಿ ಜೊತೆಗೆ ಸೇರಿದರೆ ಭಾರವೆಲ್ಲ ಖಾದಿ ಹೊರುತ್ತೆ, ಇದು ಸುಮ್ಮನೆ ಒಳಗಿರುತ್ತೆ."

ಅಕ್ಕಯ್ಯ ಬಹಳ ಹೊತ್ತು ಕಡಿದ ಗೆರೆಗಳನ್ನು ಬೆರಳಿನಿಂದ ಸವರುತ್ತಿದ್ದಳು. ಕೊನೆಗೆ, "ಅಂಚು ಮಾತ್ರ ಎಸೆಯಬೇಡಿ. ಒಳಗಡೆ ಎಲ್ಲಾದರೂ ಕಾಣೋ ಹಾಗೆ ಇಡಿ" ಎಂದಳು. ಇದೇ ಅವಳ ಒಪ್ಪಿಗೆ.

ಹೊಲಿಗೆಯ ಕ್ರಮವನ್ನು ನಾನು ಎರಡು ದಿವಸ ಅಂಗಡಿಯ ಬೆಂಚಿನ ಮೇಲೆ ಕುಳಿತು ನೋಡಿದೆನು. ಮನೆಯಲ್ಲಿ ಯಂತ್ರವಿರುವ ಗೃಹಿಣಿಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ. ಮೊದಲನೆಯ ದಿನ ಅವನು ಕತ್ತರಿಯನ್ನು ಮುಟ್ಟಲೇ ಇಲ್ಲ. ಖಾದಿಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿದನು. ಹೊಸ ಹತ್ತಿ ಬಟ್ಟೆಯು ಮೊದಲನೆಯ ಒಗೆತಕ್ಕೆ ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗುವುದುಂಟು. ಹಳೆಯ ಸೀರೆಯಾದರೋ ನೂರಾರು ಒಗೆತ ಕಂಡುದು; ಅದು ಇನ್ನು ಕುಗ್ಗುವುದಿಲ್ಲ. ಕುಗ್ಗುವುದನ್ನೂ ಕುಗ್ಗದುದನ್ನೂ ಹಾಗೆಯೇ ಸೇರಿಸಿ ಹೊಲಿದರೆ ಒಂದು ಇನ್ನೊಂದನ್ನು ಎಳೆದು ಜಾಕೆಟ್ಟು ಮುದುರಿಕೊಳ್ಳುತ್ತದೆ. ಆದಕಾರಣ ಎರಡೂ ತಮ್ಮ ಕುಗ್ಗುವಿಕೆಯನ್ನು ಮೊದಲೇ ಮುಗಿಸಿಕೊಂಡು ಬರಬೇಕು. ಬಣ್ಣ ಬಿಡುವ ಬಟ್ಟೆಯ ಗುಟ್ಟೂ ಈ ನೆನೆಯುವುದರಲ್ಲಿಯೇ ಬಯಲಾಗುತ್ತದೆ.

ಎರಡನೆಯ ದಿನ ಅಳತೆ. ಹುಡುಗಿಯ ಎದೆಯ ಸುತ್ತಳತೆ 26 ಇಂಚು. ಶಾಲೆಯ ಅಂಗಿಯ ಮೇಲೆ ತೊಡಬೇಕಾದುದರಿಂದ 5 ಇಂಚು ಹೆಚ್ಚಿಗೆ ಹಿಡಿದನು. ಎರಡು ಬಟ್ಟೆಗಳನ್ನೂ ಹಾಸು ನೇರವಾಗಿ ಮೇಲಿನಿಂದ ಕೆಳಕ್ಕೆ ಬರುವಂತೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಬೆನ್ನು ಒಂದು, ಮುಂಭಾಗ ಎರಡು, ತೋಳು ಎರಡು ಎಂದು ಎರಡರಲ್ಲಿಯೂ ಕತ್ತರಿಸಿದನು. ಮೊದಲನೆಯ ಸಲ ಕತ್ತರಿಯು ಸೀರೆಯಲ್ಲಿ ಓಡಿದಾಗ ಅಕ್ಕಯ್ಯ ಬೀದಿಯ ಕಡೆಗೆ ನೋಡುತ್ತಿದ್ದಳು.

ಖಾದಿಯದೊಂದು ಕೋಟು, ಸೀರೆಯದೊಂದು ಕೋಟು, ಹೀಗೆ ಎರಡು ಪ್ರತ್ಯೇಕ ಕೋಟುಗಳನ್ನು ಮೊದಲು ಜೋಡಿಸಬೇಕು. ಎರಡಕ್ಕೂ ಹೆಗಲು, ಪಕ್ಕ, ತೋಳುಗಳ ಹೊಲಿಗೆ ಮುಗಿದ ಮೇಲೆ, ಒಂದರ ಮುಖ ಇನ್ನೊಂದರ ಮುಖಕ್ಕೆ ತಾಕುವಂತೆ ಇಟ್ಟು ಕಚ್ಚಾ ಹೊಲಿಗೆಯಿಂದ ನಿಲ್ಲಿಸಿ, ಮುಂಭಾಗದ ಎರಡು ಅಂಚುಗಳನ್ನೂ ಕತ್ತನ್ನೂ ಕೆಳಗಿನ ಸುತ್ತನ್ನೂ ಯಂತ್ರದಿಂದ ಹೊಲಿಯಬೇಕು. ಕೆಳಗಿನ ಸುತ್ತಿನಲ್ಲಿ ಒಂದು ಕೈ ತೂರುವಷ್ಟು ಸಂದು ಬಿಡಬೇಕು. ಕತ್ತಿನ ಬಾಗಿನಲ್ಲಿ ಹೊಲಿಗೆಯ ಹೊರಗೆ ಮಿಕ್ಕ ಬಟ್ಟೆಗೆ ಅಲ್ಲಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಡಬೇಕು. ಇಲ್ಲವಾದರೆ ತಿರುವಿದಾಗ ಕತ್ತು ಸುಕ್ಕುಗಟ್ಟುತ್ತದೆ. ಆಮೇಲೆ ಆ ಸಂದಿನಿಂದ ಇಡೀ ಕೋಟನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಹೊಲಿಗೆಗಳೆಲ್ಲ ಒಳಗೆ ಅಡಗಿ, ಎರಡು ಮುಖಗಳೂ ಹೊರಕ್ಕೆ ಬರುತ್ತವೆ. ಸಂದನ್ನೂ ತೋಳಿನ ತುದಿಗಳನ್ನೂ ಕೈಯ ಸೂಜಿಯಿಂದ ಮುಚ್ಚಿ, ಅಂಚಿನ ಸುತ್ತ ಒಂದು ಸಾಲು ಮೇಲು ಹೊಲಿಗೆ ಹಾಕಿದರೆ ಆಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಒಳಗಿನ ಬಟ್ಟೆಯ ಅಂಚು ಹೊರಗಿನದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು. ಹಾಗಿದ್ದರೆ ಅದು ಮುಂಭಾಗದಲ್ಲಿ ಇಣುಕುವುದಿಲ್ಲ. ಆದರೆ ಬೆನ್ನಿನ ನಡುವೆ ಅದೇ ಒಳಬಟ್ಟೆಗೆ ಮುಕ್ಕಾಲು ಇಂಚಿನ ಒಂದು ಮಡಿಕೆಯನ್ನು ಹೆಚ್ಚಿಗೆ ಬಿಡಬೇಕು. ಹುಡುಗಿ ಕೈ ಮುಂದಕ್ಕೆ ಚಾಚಿದಾಗ ಬೆನ್ನು ಅಗಲವಾಗುತ್ತದೆ; ಆಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮಡಿಕೆಯಿಲ್ಲದಿದ್ದರೆ ಹಳೆಯ ಬಟ್ಟೆಯು ತೋಳಿನ ಬುಡದಲ್ಲಿ ಹರಿಯುತ್ತದೆ. "ಒಳಗಿನದನ್ನ ಬಿಗಿ ಹಿಡೀಬಾರದು ಮೇಷ್ಟ್ರೇ. ಬಿಗಿ ಹಿಡಿದರೆ ಮೊದಲು ಹರಿಯೋದು ಅದೇ. ಆಮೇಲೆ ಮೇಲಿನದೂ ಕೆಡುತ್ತೆ" ಎಂದು ದರ್ಜಿ ಹೇಳಿದನು.

ಅವನು ಬಟ್ಟೆಯ ವಿಷಯವನ್ನು ಹೇಳಿದನು. ನನಗೆ ಮೂವತ್ತು ವರುಷಗಳ ಪಾಠಶಾಲೆಯ ನೆನಪಾಯಿತು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಕ್ಕಳು ತರಗತಿಗೆ ಬಂದಾಗ, ಮನೆಯ ಮಾತನ್ನು ಆಡಿದರೆಂದು ಗದರಿಸುವ ಉಪಾಧ್ಯಾಯರನ್ನೂ ನೋಡಿದ್ದೇನೆ; ನಾಲ್ಕು ಮಾತು ಮನೆಯ ಭಾಷೆಯಲ್ಲಿಯೇ ಆಡಗೊಟ್ಟು, ಅದರ ಮೇಲೆ ಕನ್ನಡವನ್ನು ಹಾಸಿದವರನ್ನೂ ನೋಡಿದ್ದೇನೆ. ಎರಡನೆಯವರ ಮಕ್ಕಳ ಕನ್ನಡವೇ ಗಟ್ಟಿಯಾಗಿ ನಿಂತಿತು. ಗಡಿಯ ಊರುಗಳಲ್ಲಿ ಆಗಾಗ ಏಳುವ ಭಾಷೆಯ ಜಗಳಗಳಲ್ಲಿಯೂ ಸಮಾಧಾನವಾಗಿ ಉಳಿಯುವ ಮನೆಗಳು, ಒಳಗಿನದಕ್ಕೆ ಬೆನ್ನಿನಲ್ಲಿ ಒಂದು ಮಡಿಕೆ ಬಿಟ್ಟಿರುವ ಮನೆಗಳೇ ಎಂದು ನನ್ನ ನಂಬಿಕೆ. ಕನ್ನಡವು ಹೊರಗಿನ ಖಾದಿಯಾಗಿ ಗಾಳಿ ಮಳೆಗಳನ್ನು ತಡೆಯಬೇಕಾದುದೇ ಸರಿ. ಅದಕ್ಕಾಗಿ ಒಳಗಿನ ಮೆತುವನ್ನು ಕಿತ್ತುಹಾಕಬೇಕಾಗಿಲ್ಲ.

ದರ್ಜಿಯ ಸ್ಥಿತಿಯನ್ನೂ ಹೇಳಬೇಕು. ಐಸಾಕ್ ಸಿಂಗರನು 1851ರಲ್ಲಿ ಅಮೆರಿಕೆಯಲ್ಲಿ ತನ್ನ ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1930ರ ದಶಕದಲ್ಲಿ ಕಲಕತ್ತೆಯಲ್ಲಿ 'ಉಷಾ' ಯಂತ್ರಗಳ ತಯಾರಿಕೆ ಮೊದಲಾಯಿತು. ಆ ಯಂತ್ರಗಳು ಹಳ್ಳಿಯ ದರ್ಜಿಗೆ ಅನ್ನ ಕೊಟ್ಟುವು. ಈಗ ಸಾವಿರ ಯಂತ್ರಗಳ ಕಾರ್ಖಾನೆಗಳಲ್ಲಿ ಹೊಲಿದ ಉಡುಪು ಅವನ ಕೂಲಿಗಿಂತ ಅಗ್ಗವಾಗಿ ಸಿಕ್ಕುತ್ತದೆ. ಗಂಡಸರ ಅಂಗಿ ಷರಾಯಿಗಳು ತನ್ನ ಅಂಗಡಿಗೆ ಬರುವುದು ಬಹುಮಟ್ಟಿಗೆ ನಿಂತುಹೋಗಿದೆ ಎಂದನು. ಉಳಿದಿರುವುದು ಒಬ್ಬೊಬ್ಬರ ಮೈಗೂ ಬೇರೆ ಬೇರೆಯಾಗಿ ಕೂರಬೇಕಾದ ರವಿಕೆ, ಶಾಲೆಯ ಸಮವಸ್ತ್ರ, ಹರಿದುದನ್ನು ಸರಿಮಾಡುವ ಕೆಲಸ. ಅವನ ಮಗನು ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಎರಡನೆಯ ಯಂತ್ರದ ಮುಂದೆ ಕುಳಿತುಕೊಳ್ಳಲು ಯಾರೂ ಇಲ್ಲ. ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು, ಯಾವುದು ಗಟ್ಟಿ ಯಾವುದು ಸೋತುದು ಎಂದು ಹೇಳಬಲ್ಲ ಕೈಯನ್ನು ಕಾರ್ಖಾನೆಯು ನಮಗೆ ಮಾರಲಾರದು. ವರುಷಕ್ಕೆ ಒಂದು ಉಡುಪನ್ನಾದರೂ ಊರಿನ ದರ್ಜಿಯಿಂದ ಹೊಲಿಸುವುದು ಗೃಹಸ್ಥರಿಗೆ ಅಸಾಧ್ಯವಲ್ಲ. ಕೂಲಿ ಸ್ವಲ್ಪ ಹೆಚ್ಚಾದರೂ, ತೋಳಿನ ತುದಿಯಲ್ಲಿ ಎರಡು ಇಂಚು ಒಳಕ್ಕೆ ಮಡಿಸಿಟ್ಟುದನ್ನು ಮಗು ಬೆಳೆದಂತೆ ಬಿಚ್ಚಿಕೊಂಡರೆ ಮೂರು ಚಳಿಗಾಲ ಕಳೆಯುತ್ತದೆ.

ಮೂರನೆಯ ದಿನ ಸಂಜೆ ಜಾಕೆಟ್ಟು ಸಿದ್ಧವಾಯಿತು. ಗುಂಡಿಗಳನ್ನು ಅವನು ಎರಡು ಮುಖಕ್ಕೂ ಇಟ್ಟಿದ್ದನು: ಹೊರಗೊಂದು ಒಳಗೊಂದು, ಒಂದೇ ದಾರದಿಂದ ಬೆನ್ನಿಗೆ ಬೆನ್ನು ಸೇರಿಸಿ. ಅಕ್ಕಯ್ಯ ಕೇಳಿದ್ದ ಹಳದಿಯ ಅಂಚನ್ನು ಒಳಗಡೆ ಕೆಳಗಿನ ಸುತ್ತಿನಲ್ಲಿ ಕೂರಿಸಿದ್ದನು. ಉಳಿದ ಸೀರೆಯನ್ನೂ ಸೆರಗನ್ನೂ ಹಳೆಯ ಮಡಿಕೆಗೆ ಬಿಟ್ಟು ಬೇರೆ ಗೆರೆಯಲ್ಲಿ ಮಡಿಸಿ ಕೊಟ್ಟು, "ಆರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ ಅಮ್ಮಾವರೇ" ಎಂದನು. ರೇಷ್ಮೆಯ ಸೀರೆಗಳನ್ನು ಇಟ್ಟುಕೊಂಡಿರುವ ಎಲ್ಲ ಮನೆಯವರೂ ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಾರನೆಯ ಬೆಳಗ್ಗೆ ಬಸ್ಸಿಗೆ ಹೊರಟಾಗ ಮಂಜು ಹೆದ್ದಾರಿಯನ್ನು ಮುಚ್ಚಿತ್ತು. ಲಾರಿಗಳು ದೀಪ ಹಾಕಿಕೊಂಡು ಬರುತ್ತಿದ್ದುವು. ಹುಡುಗಿಯು ಜಾಕೆಟ್ಟನ್ನು ತಿರುವುಮುರುವಾಗಿ ತೊಟ್ಟುಕೊಂಡು ಬಂದಿದ್ದಳು: ಖಾದಿ ಒಳಗೆ, ಸೀರೆ ಹೊರಗೆ. ಸರಿಯಾಗಿ ಹಾಕಿಕೋ ಎಂದು ನಾನು ಹೇಳುವುದರೊಳಗಾಗಿ ಅಕ್ಕಯ್ಯ ನನ್ನ ತೋಳನ್ನು ಹಿಡಿದು ತಡೆದಳು. "ಇರಲಿ ಬಿಡಪ್ಪ. ಕೋಲಾರದವರೆಗೂ ಹಂಗೇ ಹೋಗಲಿ" ಎಂದು ತೆಲುಗಿನಲ್ಲಿ ಹೇಳಿ, ಮಗುವಿನ ಮೇಲಿನ ಗುಂಡಿಯನ್ನು ಹಾಕಿದಳು.